ಐದು ನಕ್ಷತ್ರ, 954 ಪ್ರತಿ

ಹಾಡಿಗೆ, ಸಿನಿಮಾಕ್ಕೆ, ಪುಸ್ತಕಕ್ಕೆ ನಕ್ಷತ್ರ ಕೊಡುವ ವಿದ್ಯೆಯ ಬಗ್ಗೆ ಜನ ಬಹಳ ಹಗುರವಾಗಿ ಮಾತಾಡುತ್ತಾರೆ. 'ಅವೆಲ್ಲ ಬೇಕಾದವರು ಬೇಕಾದವರಿಗೆ ಕೊಡೋದು ಬಿಡ್ರೀ' ಎಂದು ಒಂದೇ ಮಾತಿನಲ್ಲಿ ಇಡೀ ಶಾಸ್ತ್ರವನ್ನು ಮೂಲೆಗೆ ತಳ್ಳುತ್ತಾರೆ. ಬೇಕಾದವರು ಬೇಕಾದವರಿಗೆ ಕೊಡುವುದು ಈ ಶಾಸ್ತ್ರದ ದೋಷವಲ್ಲ, ಮೂಲಸೂತ್ರ ಎಂಬುದು ಅವರಿಗೆ ಹೊಳೆದೇ ಇಲ್ಲ. ಆ ಸೂತ್ರ ತನ್ನ ಶುದ್ಧ ರೂಪದಲ್ಲಿ ಕಂಡದ್ದು ಒಂದೇ ಸಲ. ನಕ್ಷತ್ರಮಾಪನದಲ್ಲಿ ಆಸಕ್ತಿಯುಳ್ಳವರು ಆ ಪ್ರಸಂಗವನ್ನು ಬಾಯಿಪಾಠ ಮಾಡಿಕೊಂಡರೂ ತಪ್ಪಿಲ್ಲ.

2001ರ ನವೆಂಬರ್ 19ರಂದು ಮಿಕ್ ಜ್ಯಾಗರ್ ಅವರ ನಾಲ್ಕನೆಯ ಸೋಲೋ ಆಲ್ಬಮ್ 'ಗಾಡೆಸ್ ಇನ್ ದ ಡೋರ್‌ವೇ' ಬಿಡುಗಡೆಯಾಯಿತು. ಬಾಗಿಲಲ್ಲಿ ನಿಂತ ದೇವಿ ಎಂದುಕೊಳ್ಳಿ. ಅಮೆರಿಕದ 'ರೋಲಿಂಗ್ ಸ್ಟೋನ್' ಪತ್ರಿಕೆ ಅದಕ್ಕೆ ಐದಕ್ಕೆ ಐದು ನಕ್ಷತ್ರ ಕೊಟ್ಟಿತು. ಆ ಪತ್ರಿಕೆಯ ಅಳತೆಯಲ್ಲಿ ಐದು ಎಂದರೆ ಕ್ಲಾಸಿಕ್. ಹೊಸ ಆಲ್ಬಮ್‌ಗಳಿಗೆ ಅದು ಸುಲಭಕ್ಕೆ ಸಿಗುತ್ತಿರಲಿಲ್ಲ. ಅತ್ತ ಬ್ರಿಟನ್ನಿನಲ್ಲಿ ಮೊದಲ ದಿನ ಈ ಆಲ್ಬಮ್ ಮಾರಾಟವಾದದ್ದು 954 ಪ್ರತಿ ಎಂದು ಅಲ್ಲಿನ ಪತ್ರಿಕೆಗಳು ಬರೆದವು. ಐದಕ್ಕೂ 954ಕ್ಕೂ ಎಲ್ಲಿಯ ಸಂಬಂಧ ಎಂದು ಕುಹಕಿಗಳು ಕೇಳಬಹುದು. ಭಾಗಾಕಾರ ಬಲ್ಲವರಿಗೆ ಸಂಬಂಧ ಸ್ಪಷ್ಟವಾಗಿದೆ: ಒಂದು ನಕ್ಷತ್ರಕ್ಕೆ 190.8 ಗ್ರಾಹಕರು. ಉಳಿದ ಆ 0.8 ಗ್ರಾಹಕ ಅಂಗಡಿಯ ಹೊಸಿಲಿನ ಮೇಲೆ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಅನುಮಾನಿಸುತ್ತ ನಿಂತವನಿರಬೇಕು. ಆಲ್ಬಮ್ಮಿನ ಹೆಸರನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದವನು ಅವನೊಬ್ಬನೇ.

ಜ್ಯಾಗರ್ ಅವರಿಗೆ ಆಗ 58 ವರ್ಷ. ಸುಮಾರು ನಾಲ್ಕು ದಶಕ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಮುಂದೆ ನಿಂತು ಹಾಡಿ, ಕುಣಿದು, ಜಗತ್ತನ್ನೇ ಒಂದು ಸುತ್ತು ಸುಸ್ತು ಮಾಡಿದವರು. ಅಂಥವರು 'ಇನ್ನು ನಾನೊಬ್ಬನೇ' ಎಂದು ಹೊರಟಾಗ ಜೊತೆಗೆ ಯಾರ್ಯಾರು ಬಂದರು ನೋಡಿ. ಯು2 ಬ್ಯಾಂಡಿನ ಬೋನೊ, 'ದ ಹೂ' ಬ್ಯಾಂಡಿನ ಪೀಟ್ ಟೌನ್‌ಶೆಂಡ್, ಲೆನ್ನಿ ಕ್ರಾವಿಟ್ಜ್, ಮ್ಯಾಚ್‌ಬಾಕ್ಸ್ ಟ್ವೆಂಟಿಯ ರಾಬ್ ಥಾಮಸ್, ವೈಕ್ಲೆಫ್ ಜೀನ್, ಏರೋಸ್ಮಿತ್‌ನ ಜೋ ಪೆರಿ. ಇಷ್ಟು ಜನ ಇದ್ದೂ ಸೋಲೋ ಹೇಗಾಯಿತು ಎನ್ನುವುದು ಬಾಲಿಶ ಪ್ರಶ್ನೆ. ಸೋಲೋ ಎನ್ನುವುದು ಯಾರ್ಯಾರು ಬಂದಿದ್ದರು ಎಂಬುದರ ಲೆಕ್ಕವಲ್ಲ, ಯಾರು ಬಂದಿರಲಿಲ್ಲ ಎಂಬುದರ ಲೆಕ್ಕ. ಅವರದೇ ಬ್ಯಾಂಡಿನ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಬಂದಿರಲಿಲ್ಲ. ಅವರ ವಿಷಯಕ್ಕೆ ಆಮೇಲೆ ಬರೋಣ. ಹೇಗೂ ಅವರು ಕರೆಯದೆಯೂ ಬರುವವರು.

ಈಗ ನಕ್ಷತ್ರ ಕೊಟ್ಟವರ ವಿಚಾರ. ವಿಮರ್ಶೆ ಬರೆದವರು ಪತ್ರಿಕೆಯ ಯಾವನೋ ಹುಡುಗನಲ್ಲ, ಸ್ವತಃ ಯಾನ್ ವೆನ್ನರ್. ಪತ್ರಿಕೆಯ ಸ್ಥಾಪಕರು, ಸಂಪಾದಕರು, ಮಾಲೀಕರು. ಇದನ್ನು ಕೇಳಿದ ತಕ್ಷಣ ಮೂಗು ಮುರಿಯುವವರು ವಿಮರ್ಶಕನ ಸ್ವಾತಂತ್ರ್ಯ ಎಂದರೇನು ಎಂದು ಸ್ವಲ್ಪ ಯೋಚಿಸಲಿ. ಸಾಮಾನ್ಯ ವಿಮರ್ಶಕನಿಗೆ ಸಂಪಾದಕರ ಭಯ, ಸಂಪಾದಕರಿಗೆ ಮಾಲೀಕರ ಭಯ. ಮಾಲೀಕರೇ ಬರೆಯಲು ಕೂತಾಗ ಮಾತ್ರ ವಿಮರ್ಶೆ ನಿರ್ಭಯವಾಗುತ್ತದೆ. 'ಸರ್, ಐದು ಸ್ವಲ್ಪ ಜಾಸ್ತಿ ಆಯ್ತೇನೋ' ಎಂದು ಹೇಳುವ ಧೈರ್ಯ ಆ ಕಟ್ಟಡದಲ್ಲಿ ಯಾರಿಗಿದ್ದೀತು? ಭಯವೆಲ್ಲ ಬೇರೆಯವರ ಪಾಲಿಗೆ ಹೋದ ಮೇಲೆ ಉಳಿಯುವುದೇ ಸ್ವಾತಂತ್ರ್ಯ.

ಗೆಳೆತನ ಅಡ್ಡಬಂದಿತು ಎನ್ನುವ ಆಕ್ಷೇಪವೂ ಇದೆ. ಗೆಳೆತನ ಇತ್ತು, ನಿಜ. ಆದರೆ ಅದು ಶುರುವಾದದ್ದು ಜಗಳದಲ್ಲಿ ಎಂಬುದನ್ನು ಮರೆಯಬಾರದು. ವೆನ್ನರ್ 1967ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಪತ್ರಿಕೆ ತೆಗೆದಾಗ ಅದರ ಹೆಸರಿನ ಬಗ್ಗೆ ಬ್ಯಾಂಡಿನ ಕಡೆಯ ವಕೀಲರು ತಕರಾರು ತೆಗೆದಿದ್ದರು. ತಮಾಷೆ ಎಂದರೆ ಬ್ಯಾಂಡಾಗಲಿ ಪತ್ರಿಕೆಯಾಗಲಿ ಆ ಹೆಸರನ್ನು ಹೆತ್ತಿರಲಿಲ್ಲ. ಎರಡೂ ಅದನ್ನು ಎತ್ತಿಕೊಂಡದ್ದು ಕಪ್ಪು ಬ್ಲೂಸ್ ಗಾಯಕ ಮಡ್ಡಿ ವಾಟರ್ಸ್ ಅವರ 1950ರ ಹಾಡೊಂದರಿಂದ. ಎರವಲು ತಂದ ಹಾರೆಗಾಗಿ ಪಕ್ಕದ ಮನೆಯವರಿಬ್ಬರು ಕೋರ್ಟಿಗೆ ಹೊರಟಂತಾಯಿತು. ಕಡೆಗೆ ರಾಜಿಯಾಯಿತು. ಎಂಥ ರಾಜಿ ಎಂದರೆ, 1969ರಲ್ಲಿ ಪತ್ರಿಕೆಯ ಬ್ರಿಟಿಷ್ ಆವೃತ್ತಿ ಬಂದಾಗ ಅದರಲ್ಲಿ ಜ್ಯಾಗರ್ ಪಾಲುದಾರರು. ಆ ಆವೃತ್ತಿ ಬೇಗನೆ ಮುಚ್ಚಿತು, ಬಾಂಧವ್ಯ ಮುಚ್ಚಲಿಲ್ಲ. 1995ರಲ್ಲಿ ವೆನ್ನರ್ ತಾವೇ ಕೂತು ಜ್ಯಾಗರ್ ಅವರ ಸುದೀರ್ಘ ಸಂದರ್ಶನ ಮಾಡಿದರು. ಹೀಗೆ 2001ರ ಹೊತ್ತಿಗೆ ಈ ವಿಮರ್ಶಕರು ಕಲಾವಿದರ ಮಾಜಿ ಪ್ರತಿವಾದಿ, ಮಾಜಿ ಪಾಲುದಾರ, ಸಂದರ್ಶಕ ಮತ್ತು ಸ್ನೇಹಿತ. ಕಲಾವಿದನನ್ನು ಇಷ್ಟು ಕಡೆಯಿಂದ ಬಲ್ಲ ಇನ್ನೊಬ್ಬ ವಿಮರ್ಶಕ ಬೇಕೆಂದರೆ ಅವನ ಡಾಕ್ಟರನ್ನೇ ಕರೆಸಬೇಕಾಗುತ್ತಿತ್ತು.

ಇಂಥ ವಿಮರ್ಶೆಯ ಅನುಭವವೂ ಅವರಿಗಿತ್ತು. 1979ರಲ್ಲಿ ಬಾಬ್ ಡಿಲನ್ ಕ್ರೈಸ್ತ ಭಕ್ತಿಗೆ ಹೊರಳಿ 'ಸ್ಲೋ ಟ್ರೇನ್ ಕಮಿಂಗ್' ಮಾಡಿದಾಗ, ಉಳಿದ ವಿಮರ್ಶಕರು ತಲೆ ಕೆರೆದುಕೊಳ್ಳುತ್ತಿದ್ದರೆ, ವೆನ್ನರ್ ತಾವೇ ಪೆನ್ನು ಹಿಡಿದು ಕೊಂಡಾಡಿ ಬರೆದಿದ್ದರು. ದೊಡ್ಡವರಿಗೆ ಕಷ್ಟ ಬಂದಾಗ ಮಾಲೀಕರೇ ಇಳಿದುಬರುವ ಸಂಪ್ರದಾಯ ಅಲ್ಲಿ ಮೊದಲಿನಿಂದಲೂ ಇತ್ತು.

ಇನ್ನು ನಕ್ಷತ್ರಗಳ ವಾಪಸಾತಿ. ಕೊಟ್ಟದ್ದು ಎಲ್ಲಿ ಹೋಯಿತು ಎಂದು ನೋಡದೆ ಕೊಟ್ಟದ್ದು ಸರಿಯೇ ತಪ್ಪೇ ಎಂದು ತೀರ್ಪು ಕೊಡುವುದು ಅವೈಜ್ಞಾನಿಕ. ನಮ್ಮ ಮದುವೆ ಮನೆಗಳಲ್ಲಿ ಮುಯ್ಯಿ ಪುಸ್ತಕ ಹಿಡಿದು ಕೂರುವ ಹಿರಿಯರಿಗೆ ಇದು ವಿವರಿಸದೆಯೇ ಅರ್ಥವಾಗುತ್ತದೆ: ಬರೆದಿಟ್ಟುಕೊಂಡದ್ದು ಒಂದಲ್ಲ ಒಂದು ದಿನ ಸ್ವಲ್ಪ ಸೇರಿಸಿ ಹಿಂದಿರುಗುತ್ತದೆ. 2004ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಜೀವಮಾನದ ಸಾಧನೆಗಾಗಿ ವೆನ್ನರ್ ಸೇರ್ಪಡೆಯಾದರು. ಆ ಹಾಲ್‌ನ ಪ್ರತಿಷ್ಠಾನವನ್ನು ಕಟ್ಟಿದವರಲ್ಲಿ ವೆನ್ನರ್ ಕೂಡ ಒಬ್ಬರು. ವೇದಿಕೆಯ ಮೇಲೆ ನಿಂತು ಅವರನ್ನು ಬರಮಾಡಿಕೊಂಡವರು ಮಿಕ್ ಜ್ಯಾಗರ್. ಅದಕ್ಕೂ ಹಿಂದೆ, 1989ರಲ್ಲಿ, ಅದೇ ಹಾಲ್‌ಗೆ ರೋಲಿಂಗ್ ಸ್ಟೋನ್ಸ್ ಬ್ಯಾಂಡನ್ನು ಬರಮಾಡಿಕೊಂಡವರು ಪೀಟ್ ಟೌನ್‌ಶೆಂಡ್. 2001ರ ಆಲ್ಬಮ್ಮಿನಲ್ಲಿ ಗಿಟಾರ್ ನುಡಿಸಿದವರೂ ಟೌನ್‌ಶೆಂಡ್. ಪುಸ್ತಕದಲ್ಲಿ ಒಂದು ಹೆಸರೂ ಬಾಕಿ ಉಳಿದಿಲ್ಲ. ಇಷ್ಟು ಶಿಸ್ತಿನ ಲೆಕ್ಕವನ್ನು ಪಕ್ಷಪಾತ ಎನ್ನುವವರು ಊಟಕ್ಕೆ ಮಾತ್ರ ಮದುವೆಗೆ ಹೋಗುವವರು.

ಇಲ್ಲಿ ಖಗೋಳಕ್ಕೆ ಸಂಬಂಧಿಸಿದ ಒಂದು ಸಂಗತಿ. 2023ರಲ್ಲಿ ವೆನ್ನರ್ ತಮ್ಮ ಸಂದರ್ಶನಗಳನ್ನು ಒಟ್ಟು ಮಾಡಿ 'ದ ಮಾಸ್ಟರ್ಸ್' ಎಂಬ ಪುಸ್ತಕ ತಂದರು. ಅದರಲ್ಲಿ ಇರುವವರು ಏಳೇ ಜನ: ಡಿಲನ್, ಲೆನನ್, ಜ್ಯಾಗರ್, ಟೌನ್‌ಶೆಂಡ್, ಜೆರ್ರಿ ಗಾರ್ಸಿಯಾ, ಸ್ಪ್ರಿಂಗ್‌ಸ್ಟೀನ್, ಬೋನೊ. ಆಕಾಶದಲ್ಲಿ ಸಪ್ತರ್ಷಿ ಮಂಡಲ ಇರುವಂತೆ ರಾಕ್ ಸಂಗೀತದಲ್ಲೂ ಇದೆ ಎಂಬುದು ಇದರಿಂದ ಸ್ಥಾಪಿತವಾಯಿತು. ಈಗ 'ಗಾಡೆಸ್' ಆಲ್ಬಮ್ಮಿನ ಎರಡನೆಯ ಹಾಡು 'ಜಾಯ್' ತೆಗೆದುಕೊಳ್ಳಿ. ಹಾಡುವವರು ಜ್ಯಾಗರ್ ಮತ್ತು ಬೋನೊ, ಗಿಟಾರ್ ಟೌನ್‌ಶೆಂಡ್. ಏಳು ಋಷಿಗಳಲ್ಲಿ ಮೂವರು ಒಂದೇ ಹಾಡಿನಲ್ಲಿ! ಇಂಥ ಗ್ರಹಕೂಟದಲ್ಲಿ ಐದು ನಕ್ಷತ್ರಕ್ಕಿಂತ ಕಡಿಮೆ ಕಂಡಿದ್ದರೆ ದುರ್ಬೀನಿನ ಗಾಜು ಒರೆಸಬೇಕಿತ್ತು.

ಋಷಿಗಳೆಲ್ಲ ಬಿಳಿಯ ಗಂಡಸರೇ ಏಕೆ ಎಂದು 'ನ್ಯೂಯಾರ್ಕ್ ಟೈಮ್ಸ್' ಪತ್ರಕರ್ತರು ಕೇಳಿದರು. ಹೆಂಗಸರೂ ಕಪ್ಪು ಸಂಗೀತಗಾರರೂ ತಮ್ಮ ಕೆಲಸದ ಬಗ್ಗೆ ಅಷ್ಟು ಎತ್ತರದಲ್ಲಿ ಮಾತಾಡುವವರಲ್ಲ ಎಂಬ ಅರ್ಥದ ಉತ್ತರ ಕೊಟ್ಟು, ಬೇಗನೆ ಹಾಲ್ ಆಫ್ ಫೇಮ್ ಪ್ರತಿಷ್ಠಾನದ ಮಂಡಳಿಯಿಂದ ವೆನ್ನರ್ ಹೊರಬಿದ್ದರು. ಕ್ಷಮೆಯನ್ನೂ ಕೇಳಿದರು. ಐವತ್ತು ವರ್ಷ ಮಡ್ಡಿ ವಾಟರ್ಸ್ ಕೊಟ್ಟ ಹೆಸರಿನ ಕೆಳಗೆ ಕೂತು ಸಂಪಾದಕೀಯ ಬರೆದವರು ಅವರು. ಆದರೆ ಮಡ್ಡಿ ವಾಟರ್ಸ್ ಹೆಸರನ್ನು ಕೊಟ್ಟದ್ದು ಹಾಡಿನಲ್ಲಿ, ಸಂದರ್ಶನದಲ್ಲಲ್ಲ, ನಿಯಮ ನಿಯಮವೇ.

'ಗಾಡೆಸ್' ಹಾಡುಗಳನ್ನು ನಾನೂ ಕೇಳಿದೆ. ನಮ್ಮ ಶಾಸ್ತ್ರದಲ್ಲಿ ಇದು ಕಡ್ಡಾಯವಲ್ಲ, ಆದರೂ ಓದುಗರ ತೃಪ್ತಿಗೆ. 12 ಹಾಡುಗಳು. 'ಗಾಡ್ ಗೇವ್ ಮಿ ಎವ್ರಿಥಿಂಗ್' ನಿಜಕ್ಕೂ ಗಟ್ಟಿಯಾದದ್ದು: ಕ್ರಾವಿಟ್ಜ್ ಅವರ ಗಿಟಾರ್ ಒಂದೇ ಸಮ ದಬಾಯಿಸುತ್ತಿದ್ದರೆ, ಅದರ ಮೇಲೆ ಜ್ಯಾಗರ್ ಉಸಿರು ತೆಗೆದುಕೊಳ್ಳಲೂ ಪುರುಸೊತ್ತಿಲ್ಲದವರಂತೆ ಕೂಗುತ್ತಾರೆ. ದೇವರು ಎಲ್ಲವನ್ನೂ ಕೊಟ್ಟ ಎಂಬುದು ಹಾಡಿನ ಹೆಸರು; ದೇವರು ಮರೆತದ್ದನ್ನು ವೆನ್ನರ್ ಕೊಟ್ಟರು. 'ಡೋಂಟ್ ಕಾಲ್ ಮಿ ಅಪ್' ತಣ್ಣಗಿನ ಹಾಡು, ಸಭ್ಯವಾದ ದುಃಖ. ಉಳಿದವುಗಳಲ್ಲಿ ಕೆಲವು ಆ ಕಾಲದ ರೇಡಿಯೊದ ಹುಡುಗರ ಧಾಟಿಗೆ ಅಂಗಿ ಹೊಲಿಸಿಕೊಂಡ ಹಾಗಿವೆ, ಭುಜದ ಹತ್ತಿರ ಸ್ವಲ್ಪ ಬಿಗಿ. ಒಂದು ಹಾಡಿನ ಹೆಸರೇ ನಕ್ಷತ್ರಗಳ ಬೆಳಕಿನಲ್ಲಿ ಕುಣಿಯುವುದು, 'ಡ್ಯಾನ್ಸಿಂಗ್ ಇನ್ ದ ಸ್ಟಾರ್‌ಲೈಟ್'. ಎಷ್ಟು ನಕ್ಷತ್ರ ಎಂದು ಅದರಲ್ಲಿ ಹೇಳಿಲ್ಲ, ಆ ಕೆಲಸ ಪತ್ರಿಕೆಗೆ ಬಿಟ್ಟದ್ದು. ಒಟ್ಟಿನಲ್ಲಿ, ಯಾರೂ ಏನೂ ಹೇಳದೆ ಕೈಗೆ ಕೊಟ್ಟಿದ್ದರೆ 'ಪರವಾಗಿಲ್ಲ ಕಣ್ರೀ, ಚೆನ್ನಾಗೇ ಹಾಡಿದ್ದಾರೆ' ಎನ್ನಬಹುದಾದ ಆಲ್ಬಮ್ಮು. ಮೂರು ಕೊಟ್ಟು ಸುಮ್ಮನಾಗಿದ್ದರೆ ಜನ ಅದರಲ್ಲಿ ನಾಲ್ಕನೆಯದನ್ನು ತಾವೇ ಹುಡುಕುತ್ತಿದ್ದರು. ಐದು ಕೊಟ್ಟದ್ದರಿಂದ ಎರಡು ಎಲ್ಲಿ ಕಳೆದವು ಎಂದು ಹುಡುಕತೊಡಗಿದರು. ಉಳಿದ ಪತ್ರಿಕೆಗಳ ವಿಮರ್ಶಕರಂತೂ ಆಲ್ಬಮ್ಮಿಗಿಂತ ಹೆಚ್ಚಾಗಿ ಆ ಐದು ನಕ್ಷತ್ರಗಳನ್ನೇ ವಿಮರ್ಶಿಸಿದರು.

ಎದುರಾಳಿ ಪಂಥದ ಆಚಾರ್ಯರು ಕೀತ್ ರಿಚರ್ಡ್ಸ್. 1961ರ ಅಕ್ಟೋಬರಿನಲ್ಲಿ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಜ್ಯಾಗರ್ ಕಂಕುಳಲ್ಲಿದ್ದ ಚಕ್ ಬೆರ್ರಿ, ಮಡ್ಡಿ ವಾಟರ್ಸ್ ರೆಕಾರ್ಡುಗಳನ್ನು ನೋಡಿ ಮಾತಿಗಿಳಿದವರು. ಅಂದಿನಿಂದ ಜೊತೆಗಾರ. ಇವರು ನಕ್ಷತ್ರ ಪದ್ಧತಿಯನ್ನು ಒಪ್ಪುವುದಿಲ್ಲ. ಇವರದು ಹೆಸರು ತಿದ್ದುವ ಪದ್ಧತಿ. ಆಲ್ಬಮ್ಮಿನ ಹೆಸರಿನಲ್ಲಿದ್ದ ದೇವಿಯನ್ನು ಎತ್ತಿ, ಆ ಜಾಗದಲ್ಲಿ ನಾಯಿಯ ಹೊಲಸನ್ನು ಇಟ್ಟು ಅದೇ ಪ್ರಾಸದಲ್ಲಿ ಕರೆದರು. ಬಾಗಿಲನ್ನು ಮಾತ್ರ ಮುಟ್ಟಲಿಲ್ಲ. ವಿಮರ್ಶೆಯಲ್ಲಿ ಸಂಕ್ಷಿಪ್ತತೆ ಮುಖ್ಯ ಎನ್ನುವವರು ಗಮನಿಸಬೇಕು: ವೆನ್ನರ್ ಅವರಿಗೆ ಇಡೀ ಲೇಖನ ಬೇಕಾಯಿತು, ಕೀತ್‌ಗೆ ಒಂದು ಪದ. ಇಷ್ಟಾಗಿ ಇಬ್ಬರ ವಿಧಾನವೂ ಒಂದೇ. ಗಾಯಕನನ್ನು ನೋಡಿ ಬರೆದದ್ದು, ಹಾಡನ್ನಲ್ಲ.

ಈ ಪಂಥಕ್ಕೂ ಇತಿಹಾಸವಿದೆ. 1983ರಲ್ಲಿ ಬ್ಯಾಂಡ್ ಸಿಬಿಎಸ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡಾಗ ಜ್ಯಾಗರ್ ಅವರ ಸೋಲೋ ಆಲ್ಬಮ್‌ಗಳಿಗೂ ಮಾತಾಯಿತು. ತನಗೆ ಅದು ಗೊತ್ತೇ ಇರಲಿಲ್ಲ ಎಂಬುದು ಕೀತ್ ಅವರ ದೂರು. 1985ರಲ್ಲಿ 'ಶೀಸ್ ದ ಬಾಸ್' ಬಂತು. 1986ರ 'ಡರ್ಟಿ ವರ್ಕ್' ಆಲ್ಬಮ್ಮಿಗೆ ಬ್ಯಾಂಡ್ ಪ್ರವಾಸವನ್ನೇ ಮಾಡಲಿಲ್ಲ, ಜ್ಯಾಗರ್ ಅವರಿಗೆ ಬೇರೆ ಕೆಲಸವಿತ್ತು. 1987ರಲ್ಲಿ 'ಪ್ರಿಮಿಟಿವ್ ಕೂಲ್'. 1988ರಲ್ಲಿ ಅವರೊಬ್ಬರೇ ಜಪಾನಿಗೆ ಹೋಗಿ ಹಾಡಿದರು. ಅಲ್ಲಿ ಹಾಡಿದ್ದರಲ್ಲಿ ಬಹುಪಾಲು ರೋಲಿಂಗ್ ಸ್ಟೋನ್ಸ್ ಹಾಡು. ಮನೆ ಬಿಟ್ಟು ಹೋಗುವಾಗ ಪಾತ್ರೆಗಳನ್ನು ಮರೆಯಲಿಲ್ಲ. ಅದೇ ವರ್ಷ ಕೀತ್ ತಮ್ಮದೇ ಸೋಲೋ 'ಟಾಕ್ ಈಸ್ ಚೀಪ್' ತಂದು, ಅದರಲ್ಲಿ 'ಯು ಡೋಂಟ್ ಮೂವ್ ಮಿ' ಎಂಬ ಹಾಡನ್ನು ಜ್ಯಾಗರ್ ಅವರಿಗೇ ಸಮರ್ಪಿಸಿದರು. ಹಾಡು ಹೊಗಳಿಕೆಯದ್ದಲ್ಲ. ವಿಮರ್ಶಕರು ಅದನ್ನು ಮೆಚ್ಚಿದರು, ಯಾರೂ ಮಾಲೀಕರನ್ನು ಕರೆಸಬೇಕಾಗಲಿಲ್ಲ.

ಸೋಲೋ ಪಯಣ ಇಳಿಜಾರು ಎನ್ನುವವರಿಗೆ ಅಂಕಿಗಳೇ ಉತ್ತರ. ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಮೊದಲ ಆಲ್ಬಮ್ 6ನೆಯ ಸ್ಥಾನ, ಎರಡನೆಯದು 26. ನಿರ್ಮಾಪಕ ರಿಕ್ ರೂಬಿನ್ ಜೊತೆ ಸೇರಿ ಮಾಡಿದ 1993ರ 'ವಾಂಡರಿಂಗ್ ಸ್ಪಿರಿಟ್' 12ಕ್ಕೆ ನಿಂತಿತು (ನಾಲ್ಕರಲ್ಲಿ ಇದೇ ಒಳ್ಳೆಯದು ಎಂದು ಕೇಳಿದವರು ಹೇಳುತ್ತಾರೆ, ನನಗೂ ಹಾಗೇ ಅನ್ನಿಸಿದ್ದು ಶಾಸ್ತ್ರದ ಹೊರಗಿನ ವಿಷಯ). ನಾಲ್ಕನೆಯದು, ಐದು ನಕ್ಷತ್ರದ್ದು, 44. ಅಂದರೆ 16 ವರ್ಷದಲ್ಲಿ 6ರಿಂದ 44ಕ್ಕೆ, ಏಳು ಪಟ್ಟಿಗೂ ಮಿಕ್ಕಿದ ಪ್ರಗತಿ. ಯಾವ ಕಂಪನಿಯ ವಾರ್ಷಿಕ ವರದಿಯಲ್ಲಾದರೂ ಇಂಥ ಏರಿಕೆಗೆ ಬಣ್ಣದ ಪುಟ ಸಿಗುತ್ತಿತ್ತು.

ನಕ್ಷತ್ರಮಾಪನದ ಎರಡನೆಯ ಸೂತ್ರ ಇಲ್ಲೇ ಸಿಗುತ್ತದೆ. 1972ರಲ್ಲಿ ರೋಲಿಂಗ್ ಸ್ಟೋನ್ಸ್ 'ಎಕ್ಸೈಲ್ ಆನ್ ಮೇನ್ ಸ್ಟ್ರೀಟ್' ತಂದಾಗ ಅದೇ ಪತ್ರಿಕೆಯಲ್ಲಿ ಲೆನ್ನಿ ಕೇ ಬರೆದ ವಿಮರ್ಶೆ ಹೌದೋ ಅಲ್ಲವೋ ಎನ್ನುವಂತಿತ್ತು. ಬ್ಯಾಂಡ್ ಇದಕ್ಕಿಂತ ಚೆನ್ನಾಗಿ ಮಾಡಬಲ್ಲದು ಎಂಬ ಧಾಟಿ. ಲೆನ್ನಿ ಕೇ ಮಾಲೀಕರಲ್ಲ, ಕೇವಲ ಸಂಗೀತ ತಿಳಿದವರು. 2003ರಲ್ಲಿ ಪತ್ರಿಕೆ ಸಾರ್ವಕಾಲಿಕ ಶ್ರೇಷ್ಠ 500 ಆಲ್ಬಮ್‌ಗಳ ಪಟ್ಟಿ ಮಾಡಿತು. 'ಎಕ್ಸೈಲ್' 7ನೆಯ ಸ್ಥಾನದಲ್ಲಿತ್ತು. ಎರಡು ವರ್ಷದ ಹಿಂದೆಯಷ್ಟೇ ಕ್ಲಾಸಿಕ್ ಎನಿಸಿಕೊಂಡ 'ಗಾಡೆಸ್' ಐನೂರರಲ್ಲಿ ಎಲ್ಲೂ ಇರಲಿಲ್ಲ. ಇದರಲ್ಲಿ ವಿರೋಧಾಭಾಸ ಕಾಣುವವರು ಆತುರಗಾರರು. 1972ರಲ್ಲಿ ನಕ್ಷತ್ರ ಹಚ್ಚದೆ ಬಿಟ್ಟದ್ದರಿಂದ 'ಎಕ್ಸೈಲ್'ಗೆ ಬೆಳೆಯಲು ಜಾಗವಿತ್ತು. 'ಗಾಡೆಸ್'ಗೆ ಹುಟ್ಟಿದ ದಿನವೇ ನಿವೃತ್ತಿವೇತನ ಮಂಜೂರಾಗಿತ್ತು.

'ಗಾಡೆಸ್' ಬಂದ ವಾರವೇ ಇನ್ನೊಂದು ವಿಮರ್ಶೆಯೂ ಬಂತು, ಚಲಿಸುವ ರೂಪದಲ್ಲಿ. ಆಲ್ಬಮ್ ಬಂದು ಮೂರು ದಿನಕ್ಕೆ, ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಾತ್ರಿ, ಎಬಿಸಿ ಟೀವಿಯಲ್ಲಿ 'ಬೀಯಿಂಗ್ ಮಿಕ್' ಸಾಕ್ಷ್ಯಚಿತ್ರ. ನಿರ್ದೇಶಕ ಕೆವಿನ್ ಮ್ಯಾಕ್ಡೊನಾಲ್ಡ್, ನಿರ್ಮಾಣ ಜ್ಯಾಗರ್ ಅವರದೇ ಕಂಪನಿ. ಮಿಕ್ ಆಗಿರುವುದು ಹೇಗೆ ಎಂದು ಮಿಕ್ ಅವರಿಗಿಂತ ಚೆನ್ನಾಗಿ ಯಾರು ಬಲ್ಲರು? ಹೀಗೆ ಮಾಲೀಕರು ವಿಮರ್ಶೆ ಬರೆದರು, ನಾಯಕರು ಸಾಕ್ಷ್ಯ ನುಡಿದರು. ಶ್ರೋತೃಗಳಿಗೆ ಉಳಿದ ಕೆಲಸ ದುಡ್ಡು ಕೊಡುವುದೊಂದೇ. ಅದನ್ನು ಅವರು ಎಷ್ಟು ಮಟ್ಟಿಗೆ ಮಾಡಿದರು ಎಂಬುದು ದಾಖಲಾಗಿದೆ.

ಹೊಗಳಿಕೆಯ ತೂಕದ ಬಗ್ಗೆ ನಮ್ಮಲ್ಲಿ ಹಳೆಯ ಸಂಶೋಧನೆ ಇಲ್ಲವೆಂದಲ್ಲ. ತನ್ನವರೇ ಒಲಿದು ಹೊಗಳಿ ತನ್ನನ್ನು ಹೊನ್ನಶೂಲಕ್ಕೆ ಏರಿಸಿದರು ಎಂಬ ದೂರು 12ನೆಯ ಶತಮಾನದಲ್ಲೇ ಬಸವಣ್ಣನವರದು. ಆಗ ನಕ್ಷತ್ರ ಪದ್ಧತಿ ಇಲ್ಲದ್ದರಿಂದ ಒಂದು ಶೂಲಕ್ಕೆ ಎಷ್ಟು ನಕ್ಷತ್ರ ಎಂಬ ಪರಿವರ್ತನಾ ದರ ಸಿಗುವುದಿಲ್ಲ. ಬಸವಣ್ಣನವರು ಇಳಿಸಿ ಎಂದು ಬೇಡಿದರು, ರಾಕ್ ಗಾಯಕರು ಅಳತೆ ಸರಿಯಾಗಿದೆಯೇ ಎಂದು ವಿಚಾರಿಸುತ್ತಾರೆ. ವ್ಯತ್ಯಾಸ ಅಷ್ಟೇ.

2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್ ಬೆಂಗಳೂರಿಗೇ ಬಂದರು. ಅರಮನೆ ಮೈದಾನ, ಕಿಕ್ಕಿರಿದ ಜನ, ಜ್ಯಾಗರ್ ವೇದಿಕೆಯ ಈ ತುದಿಯಿಂದ ಆ ತುದಿಗೆ ಓಟ. 'ಗಾಡೆಸ್' ಆಲ್ಬಮ್ಮಿನ ಒಂದು ಹಾಡೂ ಇರಲಿಲ್ಲ. ಆಲ್ಬಮ್ ಬಂದು ಒಂದೂವರೆ ವರ್ಷವೂ ಆಗಿರಲಿಲ್ಲ, ಹಾಡಿದವರು ಅವರೇ, ಗಂಟಲೂ ಅದೇ. ಹತ್ತಡಿ ದೂರದಲ್ಲಿ ಗಿಟಾರ್ ಹಿಡಿದು ನಿಂತಿದ್ದವರು ಕೀತ್. ಪತ್ರಿಕೆಯ ವಿಮರ್ಶೆಗೆ ಎಷ್ಟು ಮಂದಿ ಓದುಗರು ಬೇಕಾದರೂ ಇರಬಹುದು, ಆ ಹತ್ತಡಿಯ ವಿಮರ್ಶಕ ಮಾತ್ರ ಹಾಡುಗಳ ಪಟ್ಟಿ ಮಾಡುವ ಹೊತ್ತಿಗೆ ಪಕ್ಕದಲ್ಲೇ ಇರುತ್ತಾನೆ. ಎಂಟು ತಿಂಗಳ ನಂತರ ಜ್ಯಾಗರ್ ಲಂಡನ್ನಿನಲ್ಲಿ ರಾಜಕುಮಾರ ಚಾರ್ಲ್ಸ್ ಅವರಿಂದ 'ಸರ್' ಪದವಿ ಪಡೆದರು. ಅದರ ಬಗ್ಗೆಯೂ ಕೀತ್ ತಮ್ಮ ಅಭಿಪ್ರಾಯವನ್ನು ಹಂಚಿಕೊಂಡರು. ಅದನ್ನು ಇಲ್ಲಿ ಅಚ್ಚು ಹಾಕುವುದು ಬೇಡ.

ಜ್ಯಾಗರ್ 2001ರ ನಂತರ ಇನ್ನೊಂದು ಸೋಲೋ ಆಲ್ಬಮ್ ತಂದಿಲ್ಲ. ಬಿಡಿ ಹಾಡುಗಳನ್ನು ಬಿಟ್ಟರು, ಎ.ಆರ್. ರಹಮಾನ್ ಸಹಿತ ಐವರ 'ಸೂಪರ್‌ಹೆವಿ' ಎಂಬ ಕೂಟದಲ್ಲಿ 2011ರಲ್ಲಿ ಹಾಡಿದರು, ರೋಲಿಂಗ್ ಸ್ಟೋನ್ಸ್ ಜೊತೆ ಮತ್ತೆ ಮತ್ತೆ ಸ್ಟುಡಿಯೊಗೆ ಹೋದರು. ಒಬ್ಬರೇ ಮಾತ್ರ ಹೋಗಲಿಲ್ಲ. ಇದನ್ನು ಸೋಲು ಎಂದು ವ್ಯಾಖ್ಯಾನಿಸುವುದು ಸರಿಯಲ್ಲ. ಐದು ಬಂದ ಮೇಲೆ ಮುಂದಿನದಕ್ಕೆ ಆರು ಬೇಕಾಗುತ್ತದೆ, ಆರನ್ನು ಅಚ್ಚು ಹಾಕುವ ಪತ್ರಿಕೆ ಇನ್ನೂ ಹುಟ್ಟಿಲ್ಲ. ಹುಟ್ಟಿಸುವ ಉತ್ಸಾಹವುಳ್ಳ ಗೆಳೆಯರು ಯಾರಾದರೂ ಇದ್ದರೆ, ಮೊದಲು ಹೆಸರಿನ ವಿಚಾರದಲ್ಲಿ ಒಬ್ಬ ವಕೀಲರನ್ನು ಕಂಡು ಬರುವುದು ಒಳ್ಳೆಯದು.